‘ಕಬ್ಜ’ ನೋಡಿದ ಮೇಲೆ

ಹೊಂಗನೂರಿನ ಮನೆಯಲ್ಲಿ ನಿನ್ನೆ ರಾತ್ರಿ ಎಲ್ಲರೂ ಕೂತು 2023ರ ‘ಕಬ್ಜ’ ನೋಡಿದೆವು. ಉಪೇಂದ್ರ, ಸುದೀಪ್, ರವಿ ಬಸ್ರೂರು ಸಂಗೀತ, ಇನ್ನೇನು ಬೇಕಿತ್ತು! ಆದರೆ ವಾಯುಪಡೆಯ ಅರ್ಕೇಶ್ವರ ಭೂಗತಲೋಕಕ್ಕೆ ಇಳಿದ ಸಂಕಟ ನಮಗೆ ತಟ್ಟುವಷ್ಟರಲ್ಲಿ ಪರದೆ ಕಪ್ಪಾಗುತ್ತೆ, ಮತ್ತೊಂದು ಸ್ಲೋ ಮೋಷನ್ ಶುರುವಾಗುತ್ತೆ. ಒಂದು ಮುಖವನ್ನೂ ನೆಟ್ಟಗೆ ನೋಡೋಕೆ ಬಿಡಲ್ಲ. ಕೊನೆಗೆ ಶಿವಣ್ಣ ಬಂದರು ಅಂತ ಖುಷಿಪಡುವಷ್ಟರಲ್ಲಿ ಸಿನಿಮಾನೇ ಮುಗೀತು!

ಹಳೇ ಸಿನಿಮಾಗಳು ಹೀಗಿರಲಿಲ್ಲ. ನಮ್ಮ ರಾಮದೇವರ ಬೆಟ್ಟದಲ್ಲಿ ತೆಗೆದ ‘ಶೋಲೆ’ಯಲ್ಲಿ ಗಬ್ಬರ್‌ನ ಬೆಲ್ಟು ಬಂಡೆ ಮೇಲೆ ಉಜ್ಜುವ ಸದ್ದಿಗೇ ಎದೆ ಝಲ್ ಅನ್ನುತ್ತೆ. 1995ರಲ್ಲಿ ಇದೇ ಉಪೇಂದ್ರ ನಿರ್ದೇಶಿಸಿದ ‘ಓಂ’ನಲ್ಲಿ ನಿಜವಾದ ರೌಡಿಗಳೇ ನಟಿಸಿದ್ದರು. ಅದರಲ್ಲಿ ಅರ್ಚಕರ ಮಗ ಯಾಕೆ ಮಚ್ಚು ಹಿಡಿದ ಅನ್ನೋದು ಹಳ್ಳಿ ಹುಡುಗರಿಗೂ ಅರ್ಥವಾಗಿತ್ತು. ಅಂಥ ಉಪೇಂದ್ರರನ್ನು ಇಟ್ಟುಕೊಂಡು ‘ಕಬ್ಜ’ವನ್ನು ಹೀಗೆ ಮಾಡಿದ್ದಕ್ಕೆ ತುಂಬಾ ಬೇಜಾರಾಯ್ತು.