ಪ್ಯಾನ್‌ಕೇಕಿನ ಲೆಕ್ಕ

ಆರು ತಿಂಗಳಿಂದ ನಮ್ಮನೇಲಿ ಎರಡು ಹೆಂಚು. ಒಂದು ಅಮ್ಮನ ದೋಸೆ ಹೆಂಚು, ಇನ್ನೊಂದು ನನ್ನ ನಾನ್‌ಸ್ಟಿಕ್. ‘ನಿನ್ನ ಮೊಟ್ಟೆ ನನ್ನ ಹೆಂಚಿನ ಮೇಲೆ ಬೇಡ ಕಣೇ’ ಅಂತ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದ ಮೇಲೆ ಕೊಂಡಿದ್ದು.

ಜಿಮ್ ಸೇರಿದ ಹೊಸದರಲ್ಲಿ ಹತ್ತಿದ ಹುಚ್ಚು ಈ ಪ್ರೋಟೀನ್ ಪ್ಯಾನ್‌ಕೇಕ್. 40 ಗ್ರಾಂ ಓಟ್ಸ್, ಎರಡು ಮೊಟ್ಟೆ, ಅರ್ಧ ಬಾಳೆಹಣ್ಣು, ಒಂದು ಸ್ಕೂಪ್ ವೇ ಪ್ರೋಟೀನ್. ಮಿಕ್ಸಿಲಿ ತಿರುಗಿಸಿದರೆ ಹಿಟ್ಟು ರೆಡಿ. ಮೊದಲ ಸಲ ಜೋರು ಉರಿ ಇಟ್ಟು ರಬ್ಬರ್ ತಿಂದಿದ್ದೆ. ವೇ ಹಾಕಿದ ಹಿಟ್ಟು ಬೇಗ ಒಣಗುತ್ತೆ. ಸಣ್ಣ ಉರಿ, ಮೇಲೊಂದು ಮುಚ್ಚಳ, ಇಷ್ಟೇ ಗುಟ್ಟು. ಪ್ಲೇಟಿಗೆ ಸುಮಾರು 40 ಗ್ರಾಂ ಪ್ರೋಟೀನ್. ತಿಂದು, ಆ್ಯಪಲ್ಲಿ ಬರೆದು, ಆಫೀಸಿಗೆ ಲಾಗಿನ್ ಆಗೋದು.

ಕಳೆದ ತಿಂಗಳು ಒಂದು ಭಾನುವಾರ ಸುಮ್ನೆ ಅಮ್ಮನ ಊಟಾನೂ ಆ್ಯಪಿಗೆ ಹಾಕಿದೆ. ಉಪ್ಪಿಟ್ಟು, ಅನ್ನ, ಸಾರು, ಮಜ್ಜಿಗೆ, ಸಂಜೆ ಕಾಫಿ-ಬಿಸ್ಕತ್ತು, ರಾತ್ರಿ ಎರಡು ಚಪಾತಿ, ಪಲ್ಯ. ಒಟ್ಟು 28 ಗ್ರಾಂ. ಐಸಿಎಂಆರ್ ಹೇಳೋದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಅಮ್ಮ 60 ಕಿಲೋ. ಅಂದ್ರೆ ಸುಮಾರು 50 ಗ್ರಾಂ ಬೇಕು.

ಮಾರನೇ ದಿನ ಅವಳು ಬಡಿಸೋದನ್ನ ಮೊದಲ ಸಲ ಸರಿಯಾಗಿ ನೋಡಿದೆ. ಸೌಟು ತಳ ಮುಟ್ಟಿ ತಂದ ಬೇಳೆಯೆಲ್ಲ ಅಪ್ಪನಿಗೆ, ನನಗೆ. ಕೊನೆಗೆ ಕೂತ ಅವಳಿಗೆ ಉಳಿದದ್ದು ತಿಳಿ. 58ರ ಅಮ್ಮ ಈಚೆಗೆ ಕುಕ್ಕರ್ ಮುಚ್ಚಳ ತೆಗೆಯೋಕೂ ನನ್ನನ್ನ ಕರೀತಾಳೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡೀತಾಳೆ. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಿದ್ದೆ. ವಯಸ್ಸಾದಂತೆ ಸ್ನಾಯು ಕರಗೋದು ನಿಜ. ಅದಕ್ಕೇ ಆಗ ಪ್ರೋಟೀನ್ ಇನ್ನೂ ಮುಖ್ಯ. ಇದೆಲ್ಲ ಓದಿಕೊಂಡಿದ್ದೂ ನಾನೇ, ಒಂದೇ ತಟ್ಟೆಯ ಲೆಕ್ಕ ಇಟ್ಟಿದ್ದೂ ನಾನೇ.

ಅಮ್ಮನ ಪ್ಯಾನ್‌ಕೇಕಿಗೆ ಮೊಟ್ಟೆ ಇಲ್ಲ, ಪುಡಿ ಇಲ್ಲ. 100 ಗ್ರಾಂ ಹೆಸರುಕಾಳು ರಾತ್ರಿ ನೆನೆಹಾಕಿ, ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ರುಬ್ಬೋದು. ದಪ್ಪಗೆ ಹುಯ್ದು ಮೇಲೆ 50 ಗ್ರಾಂ ಪನೀರ್ ತುರಿದು ಉದುರಿಸೋದು. ನಾಲ್ಕಾಗುತ್ತೆ, ಎರಡು ತಿಂದರೆ 16 ಗ್ರಾಂ. ಮಾಡಿದ್ದು ಅವಳ ಹೆಂಚಿನ ಮೇಲೇ. ‘ಇದು ಪೆಸರಟ್ಟು ಅಲ್ವೇನೇ?’ ಅಂದ್ಲು. ಹೂಂ ಅಂದೆ.

ಮೊದಲನೇದನ್ನ ಅವಳ ತಟ್ಟೆಗೆ ಹಾಕಿದೆ. ‘ನಿಂಗೆ ಆಫೀಸಿಗೆ ಹೊತ್ತಾಯ್ತು, ಮೊದ್ಲು ನೀನು ತಿನ್ನು’ ಅಂತ ನನ್ನ ಕಡೆ ತಳ್ಳಿದ್ಲು. ನಾನು ವಾಪಸ್ ತಳ್ಳಿದೆ. ಎರಡು ವಾರದಿಂದ ದಿನಾ ಇದೇ ತಳ್ಳಾಟ. ಕೊನೆಗೆ ಆರಿ ತಣ್ಣಗಾದ ಮೇಲೆ ತಿಂತಾಳೆ. ತಿಂತಾಳಲ್ಲ, ಸದ್ಯ.