ಭರಣಿಯೊಳಗಿನ ಮಳೆಗಾಲ

ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಅಂಗಳದ ತುಳಸಿಯೂ ಬಾಡುತ್ತದೆ. ಆದರೆ ನಮ್ಮ ನಡುಮನೆಯ ಗಾಜಿನ ಭರಣಿಯಲ್ಲಿ ಜರೀಗಿಡವೊಂದು ನಳನಳಿಸುತ್ತಿದೆ. ಇಂಥದ್ದಕ್ಕೆ ಟೆರೇರಿಯಂ ಎಂದು ಹೆಸರು. ಅದು ನನ್ನ ಶ್ರೀಮತಿಯವರ ಉಪ್ಪಿನಕಾಯಿ ಭರಣಿ. ಅವರು ತೀರಿಕೊಂಡ ಮೇಲೆ ಬರಿದಾಗಿಯೇ ಇತ್ತು.

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದನು. ಅದರಲ್ಲಿ ತಾನಾಗಿ ಜರೀಗಿಡ ಮೊಳೆಯಿತು. ಮುಂದೆ ಇಂಥ ಗಾಜಿನ ಪೆಟ್ಟಿಗೆಗಳಲ್ಲಿಯೇ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ಕಳುಹಿಸಿದನು.

ಮಾಡುವ ಕ್ರಮ ಸುಲಭ. ತಳದಲ್ಲಿ ಎರಡು ಬೆರಳಿನಷ್ಟು ಕಲ್ಲುಹರಳು. ಕುರುಗೋಡಿನ ಗುಡ್ಡದ ಕಡೆಯವರಿಗೆ ಅದಕ್ಕೆ ಬರವಿಲ್ಲ. ಅದರ ಮೇಲೆ ಇದ್ದಿಲಿನ ಚೂರು, ಬಳಿಕ ಮಣ್ಣು. ಸಿರುಗುಪ್ಪದ ಎರೆಮಣ್ಣು ಭತ್ತಕ್ಕೆ ಒಳ್ಳೆಯದು, ಭರಣಿಗಲ್ಲ. ನೀರು ಹಿಡಿದು ಬೇರು ಕೊಳೆಯುತ್ತದೆ. ಕೆಮ್ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿರಿ. ಗಿಡ ನೆಟ್ಟು, ನೀರು ಚಿಮುಕಿಸಿ, ಮುಚ್ಚಳ ಹಾಕಿರಿ. ನೇರ ಬಿಸಿಲು ತಗುಲಿದರೆ ಗಿಡ ಬೆಂದುಹೋಗುತ್ತದೆ. ಗಾಜು ದಿನವಿಡೀ ಮಂಜಾಗಿದ್ದರೆ ಕೆಲಹೊತ್ತು ಮುಚ್ಚಳ ತೆರೆದಿಡಿರಿ.

ಕರಿಹಲಗೆಯ ಮೇಲೆ ನಾನು ಬಿಡಿಸುತ್ತಿದ್ದ ಜಲಚಕ್ರ ನಿಮಗೆ ನೆನಪಿರಬಹುದು. ಈಗ ಅದನ್ನು ದಿನವೂ ಕಾಣುತ್ತೇನೆ: ಎಲೆಯಿಂದ ಹೊರಟ ಆವಿ ಗಾಜಿನ ಮೇಲೆ ಹನಿಯಾಗಿ ಮರಳಿ ಮಣ್ಣಿಗಿಳಿಯುತ್ತದೆ. ವಾರಗಟ್ಟಲೆ ನೀರು ಬೇಡ.

ಬೆಂಗಳೂರಿನಿಂದ ಮಗಳು ಕರೆದಾಗಲೆಲ್ಲ, "ಗಿಡಗಳಿಗೆ ನೀರು ಹಾಕುವವರಾರಮ್ಮಾ?" ಎನ್ನುತ್ತಿದ್ದೆ. ಅವಳಮ್ಮನಿಲ್ಲದ ಮನೆಯನ್ನು ಬೀಗ ಹಾಕಿ ಹೊರಡಲು ಮನಸ್ಸಾಗುತ್ತಿರಲಿಲ್ಲವೆಂಬುದೇ ನಿಜ. ಈ ದಸರೆಗೆ ಹೊರಟಿದ್ದೇನೆ. ಭರಣಿ ನಡುಮನೆಯಲ್ಲೇ ಇರುತ್ತದೆ.