ಆ ‘ಎಕ್ಸ್’ ಎಂದರೇನು?

ನಮ್ಮ ಜಮಾಅತ್‌ನ ವಿದ್ಯಾರ್ಥಿವೇತನದ ಲೆಕ್ಕವಿಡುವ ಕಂಪ್ಯೂಟರ್ ಪ್ರೋಗ್ರಾಮನ್ನು ಸರಿಪಡಿಸುವ ಹೊಣೆ ನಮ್ಮ ಮೂವರ ಹೆಗಲೇರಿತು. ಅದನ್ನು ಪ್ರತಿಫಲವಿಲ್ಲದೆ ಬರೆದುಕೊಟ್ಟ ಯುವಕರು ಈಗ ಉದ್ಯೋಗ ನಿಮಿತ್ತ ಗಲ್ಫ್‌ನಲ್ಲಿದ್ದಾರೆ. ಅವರ ಸದುದ್ದೇಶದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಪ್ರೋಗ್ರಾಮಿನ ತುಂಬ ‘ಎಕ್ಸ್’, ‘ಟೆಂಪ್’, ‘ಡೇಟಾ2’ ಎಂಬ ಹೆಸರುಗಳು. ‘ಅಮೌಂಟ್’ ಎಂಬ ವೇರಿಯೇಬಲ್ ಒಂದು ಕಡೆ ರೂಪಾಯಿಯನ್ನೂ ಇನ್ನೊಂದು ಕಡೆ ಪೈಸೆಯನ್ನೂ ಸೂಚಿಸುತ್ತಿತ್ತು. ಪರಿಣಾಮವಾಗಿ, 5,000 ರೂಪಾಯಿ ಸಿಗಬೇಕಿದ್ದ ಓರ್ವ ವಿದ್ಯಾರ್ಥಿನಿಯ ಹೆಸರಿನ ಮುಂದೆ 50 ರೂಪಾಯಿ ಎಂದು ಮುದ್ರಿತವಾಗಿತ್ತು. ಆಕೆಯ ಕಾಲೇಜು ಶುಲ್ಕ ಕಟ್ಟಲು ಉಳಿದಿದ್ದುದು ಎರಡೇ ದಿನ. ಹಣವನ್ನು ಅಂದೇ ತಲುಪಿಸಲಾಯಿತು. ಕಾರಣ ಹುಡುಕಲು ಮಾತ್ರ ವಾರಗಳೇ ಹಿಡಿದವು.

ಇದು ಅನನುಭವಿಗಳಿಗಷ್ಟೇ ಒದಗುವ ತೊಡಕಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪುವಾಗಲೇ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಮ್ ನೌಕೆಯ ಸಣ್ಣ ಎಂಜಿನ್‌ಗಳ ತಳ್ಳುವಿಕೆಯನ್ನು ಪೌಂಡ್ ಮಾನದಲ್ಲಿ ಲೆಕ್ಕ ಹಾಕಿ ಕೊಡುತ್ತಿತ್ತು. ಮತ್ತೊಂದು ಅದನ್ನು ನ್ಯೂಟನ್ ಮಾನವೆಂದೇ ಸ್ವೀಕರಿಸುತ್ತಿತ್ತು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಬರಿಯ ಅಂಕಿಯು ತಾನು ಯಾವ ಮಾನದ್ದೆಂದು ಹೇಳುವುದಿಲ್ಲವಷ್ಟೆ.

ಆದ್ದರಿಂದ ನಾವು ‘ಮೊತ್ತ_ಪೈಸೆ’ ಎಂದೇ ಹೆಸರಿಟ್ಟೆವು. ಪೈಥಾನ್ ಭಾಷೆಯಲ್ಲಿ ಕನ್ನಡದ ಹೆಸರುಗಳೂ ಸಲ್ಲುತ್ತವೆ. ನಮ್ಮಲ್ಲೊಬ್ಬರಿಗೆ ಉದ್ದದ ಹೆಸರು ಬೇಸರ. ಪಕ್ಕದಲ್ಲಿ ಟಿಪ್ಪಣಿ ಬರೆದರೆ ಸಾಲದೇ ಎಂದರು. ಸಾಲದು. ಕೋಡ್ ಬದಲಾದರೂ ಟಿಪ್ಪಣಿ ಹಳೆಯದೇ ಉಳಿದ ಉದಾಹರಣೆಗಳು ಅದೇ ಪ್ರೋಗ್ರಾಮಿನಲ್ಲಿ ಮೂರಿದ್ದವು.

ಹಣವನ್ನು ದಶಮಾಂಶದಲ್ಲಿಡುವುದನ್ನೂ ಕೈಬಿಟ್ಟೆವು. 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಎನ್ನುತ್ತದೆ, ದ್ವಿಮಾನ ಪದ್ಧತಿಯಲ್ಲಿ 0.1 ಪೂರ್ಣವಾಗಿ ಹಿಡಿಸದು. ಪೂರ್ಣಾಂಕದ ಪೈಸೆಗೆ ಆ ತೊಂದರೆಯಿಲ್ಲ. ಬ್ಯಾಂಕ್ ಖಾತೆಯ ಸಂಖ್ಯೆಯನ್ನಾದರೋ ಅಕ್ಷರಮಾಲೆಯಾಗಿಯೇ ಇಟ್ಟೆವು. ಸಂಖ್ಯೆಯೆಂದು ಇಟ್ಟರೆ ಮೊದಲ ಸೊನ್ನೆಗಳು ಅಳಿಸಿಹೋಗುತ್ತವೆ. ಖಾತೆ ಸಂಖ್ಯೆಗಳನ್ನು ಯಾರೂ ಕೂಡಿಸಿ ಕಳೆಯುವುದಿಲ್ಲವಲ್ಲ!

ಹೆಸರುಗಳೆಲ್ಲ ಬದಲಾದ ಮೇಲೆ, ಜಮಾಅತ್‌ನ ಲೆಕ್ಕಪುಸ್ತಕ ನೋಡಿಕೊಳ್ಳುವ ಉಸ್ತಾದರು ಪರದೆಯ ಮುಂದೆ ಕುಳಿತರು. ಪ್ರೋಗ್ರಾಮಿಂಗ್ ಅರಿಯದ ಅವರು ಸಾಲುಗಳ ಮೇಲೆ ಬೆರಳಾಡಿಸುತ್ತಾ ಓದಿ, ಒಂದೆಡೆ ನಿಂತು ಕೇಳಿದರು: “ಹಿಂದಿನ ವರ್ಷದ ಬಾಕಿಯನ್ನು ಇಲ್ಲಿ ಎರಡು ಸಲ ಕಳೆದಿರುವುದೇಕೆ?” ಇಷ್ಟು ವರ್ಷ ‘ಎಕ್ಸ್’ ಎಂದಿದ್ದುದು ಆ ಬಾಕಿಯೇ ಆಗಿತ್ತು.